ಕೊನೆಯಲ್ಲಿ ಬರುವವರ ಜೊತೆ ಯಾರಿದ್ದಾರೆ?

(ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಒಂದು ಗ್ರಂಥಾಲಯದಲ್ಲಿ ಭಾನುವಾರ ಸಂಜೆ ಮಾತಾಡಿದ್ದನ್ನು ಆಮೇಲೆ ಕೂತು ಬರೆದದ್ದು. ಮಾತಾಡುವಾಗ ಮಧ್ಯೆ ತುಳು, ಮಲಯಾಳ ಎಲ್ಲ ಬಂದು ಹೋಗಿತ್ತು, ಇಲ್ಲಿ ಕನ್ನಡ ಮಾತ್ರ ಉಳಿಸಿದ್ದೇನೆ. ಕೊನೆಯ ಪ್ರಶ್ನೆಗಳಲ್ಲಿ ಕೆಲವನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗ್ರಂಥಾಲಯದ ಮಾಸ್ಟ್ರು ಫೋನ್ ಮಾಡಿ, "ಬೆಂಗಳೂರಲ್ಲಿ ಜನ ಬೆಳಗ್ಗೆ ಕತ್ತಲೆಗೆ ಎದ್ದು ದುಡ್ಡು ಕೊಟ್ಟು ಓಡ್ತಾರಂತಲ್ಲ, ಅದೇನು ಅಂತ ನಮ್ಮವರಿಗೆ ಸ್ವಲ್ಪ ಹೇಳು" ಅಂದರು. ದುಡ್ಡು ಕೊಟ್ಟು ಅನ್ನುವಾಗ ಅವರ ದನಿ ಸ್ವಲ್ಪ ಏರಿತ್ತು. ನನಗೆ ಅರ್ಥವಾಗುತ್ತದೆ. ಬಸ್ಸು ತಪ್ಪುವ ಹಾಗಿದ್ದರೆ ಓಡುವುದು, ದನ ಹಗ್ಗ ಬಿಡಿಸಿಕೊಂಡರೆ ಅದರ ಹಿಂದೆ ಓಡುವುದು, ಕ್ಲಬ್ಬಿನ ಕಬಡ್ಡಿಯಲ್ಲಿ ಓಡುವುದು, ಇದೆಲ್ಲ ನಮಗೆ ಗೊತ್ತು. ಸುಮ್ನೆ ಓಡುವುದು ಅಂದರೆ ನಮ್ಮ ಕಡೆ ಈಗಲೂ ಯಾರಾದರೂ ಬೈಕ್ ನಿಲ್ಲಿಸಿ "ಏನಾಯ್ತು?" ಅಂತ ಕೇಳುತ್ತಾರೆ.

ದುಡ್ಡಿನ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ದೊಡ್ಡ ಓಟಗಳಿಗೆ ಹೆಸರು ನೋಂದಾಯಿಸಬೇಕು, ಫೀಸ್ ಕಟ್ಟಬೇಕು, ಹೌದು. ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ ಹತ್ತು ಕಿಲೋಮೀಟರಿನ ಓಟ ಇದೆ, ಈಗ ಟಿಸಿಎಸ್ ವರ್ಲ್ಡ್ 10ಕೆ ಅನ್ನುತ್ತಾರೆ. ಕೆನ್ಯಾ, ಇಥಿಯೋಪಿಯಾ ಕಡೆಯಿಂದ ಬಂದವರು ಅದನ್ನು ಅರ್ಧ ಗಂಟೆಯೊಳಗೆ ಮುಗಿಸಿ ಬೆವರು ಒರೆಸಿಕೊಳ್ಳುತ್ತಾರೆ. ಅದೇ ದಿನ 'ಮಜ್ಜಾ ರನ್' ಅಂತ ಇನ್ನೊಂದು ಇದೆ, ದೂರ ಕಡಿಮೆ, ಗಡಿಬಿಡಿ ಇಲ್ಲ. ಅಜ್ಜಿ, ಮೊಮ್ಮಗಳು, ಇಡೀ ಆಫೀಸು, ವೇಷ ಹಾಕಿದವರು, ಸೀರೆ ಉಟ್ಟು ಕಾಲಿಗೆ ಕ್ಯಾನ್ವಾಸ್ ಶೂ ಹಾಕಿದವರು, ಎಲ್ಲ ಸಿಗುತ್ತಾರೆ. ಮುಂಬೈ ಮ್ಯಾರಥಾನ್ ಅದಕ್ಕಿಂತ ಹಳೆಯದು, 2004ರದ್ದು, ಜನವರಿಯಲ್ಲಿ ನಡೆಯುತ್ತದೆ. ಪೂರ್ತಿ ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್. ಅದನ್ನು ಕೇಳಿ ಯಾರೂ ಹೆದರಬೇಡಿ. ಅಲ್ಲೇ ಆರು ಕಿಲೋಮೀಟರಿನ ಆಸುಪಾಸಿನ 'ಡ್ರೀಮ್ ರನ್' ಇದೆ. ಹಿರಿಯರಿಗೆ ಬೇರೆ, ಗಾಲಿಕುರ್ಚಿಯಲ್ಲಿ ಬರುವವರಿಗೆ ಬೇರೆ. ನಮ್ಮ ಕಡೆಯಿಂದ ಹೋಟೆಲು, ಬ್ಯಾಂಕು ಅಂತ ಮುಂಬೈಗೆ ಹೋದವರ ಮಕ್ಕಳು ಮೊಮ್ಮಕ್ಕಳು ಅದರಲ್ಲಿ ತುಂಬ ಜನ ಇರುತ್ತಾರೆ. ಪೆಡ್ಡರ್ ರೋಡಿನ ಏರಿನಲ್ಲಿ ಕಾಲು ಸೋತಾಗ ಅಲ್ಲಿನ ಮನೆಗಳವರು ಕೆಳಗಿಳಿದು ಬಂದು ಕಿತ್ತಳೆ, ಬಿಸ್ಕೆಟ್ ಹಿಡಿದು ನಿಂತಿರುತ್ತಾರೆ. ಗುರುತು ಪರಿಚಯ ಇಲ್ಲದವರ ಕೈಯಿಂದ ಕಿತ್ತಳೆ ತಿನ್ನುವುದಕ್ಕೆ ಫೀಸ್ ಕಟ್ಟಿದ್ದು ಅಂತ ಲೆಕ್ಕ ಹಾಕಿಕೊಂಡರೂ ನಷ್ಟ ಇಲ್ಲ.

ಈ ಓಟಗಳಲ್ಲಿ ಎದೆಗೆ ಒಂದು ನಂಬರು ಸಿಕ್ಕಿಸಿಕೊಳ್ಳಬೇಕು. ಸ್ಪರ್ಧೆಯ ಓಟವಾದರೆ ಆ ನಂಬರಿನ ಹಿಂದೆ ತೆಳ್ಳಗಿನ ಚಿಪ್ ಇರುತ್ತದೆ, ರಸ್ತೆಗೆ ಹಾಸಿದ ಮ್ಯಾಟ್ ದಾಟಿದ ಕೂಡಲೇ ನಿಮ್ಮ ಸಮಯ ದಾಖಲಾಗುತ್ತದೆ. ಮಜ್ಜಾ ರನ್, ಡ್ರೀಮ್ ರನ್ ಥರದ ಫನ್ ರನ್‌ನಲ್ಲಿ ಸಾಮಾನ್ಯವಾಗಿ ಚಿಪ್ ಇರುವುದಿಲ್ಲ. ಸಮಯ ಬರೆದುಕೊಳ್ಳುವವರೇ ಇಲ್ಲದ ಮೇಲೆ ಸೋಲುವುದಕ್ಕೆ ದಾರಿಯೇ ಇಲ್ಲ, ಅಲ್ವಾ? ನನ್ನ ಮಟ್ಟಿಗೆ ಫನ್ ರನ್‌ನ ಅರ್ಧ ಸುಖ ಆ ಇಲ್ಲದ ಚಿಪ್ಪಿನಲ್ಲಿದೆ.

ಆದರೆ ನಾನು ನಿಜವಾಗಿ ಹೇಳಬೇಕಾದದ್ದು ವರ್ಷಕ್ಕೊಮ್ಮೆ ಬರುವ ಈ ಜಾತ್ರೆಯ ಬಗ್ಗೆ ಅಲ್ಲ. ಉಳಿದ ಭಾನುವಾರಗಳ ಬಗ್ಗೆ. ದುಡ್ಡು ಕೇಳದ ಗುಂಪುಗಳ ಬಗ್ಗೆ.

ಬೆಂಗಳೂರಿನ ಕಬ್ಬನ್ ಪಾರ್ಕ್ ನೋಡಿದವರು ಇಲ್ಲಿ ಇರಬಹುದು. 1870ರಲ್ಲಿ ಮಾಡಿದ ಪಾರ್ಕು. ಹೈಕೋರ್ಟಿನ ಕೆಂಪು ಕಟ್ಟಡ ಒಂದು ಬದಿಗೆ, ನಡುವೆ ದೊಡ್ಡ ಗ್ರಂಥಾಲಯ. ಭಾನುವಾರ ಅದರೊಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಬೆಳಗ್ಗೆ ಆರಕ್ಕೆ ಹೋದರೆ ಇಡೀ ಪಾರ್ಕು ಗುಂಪು ಗುಂಪಾಗಿ ಹಂಚಿಹೋಗಿರುತ್ತದೆ. ಬಿದಿರು ಮೆಳೆಯ ಹತ್ತಿರ ಯೋಗ, ಆಚೆ ಸ್ಪೀಕರ್ ಹಾಕಿಕೊಂಡು ಜುಂಬಾ, ಮೆಟ್ಟಿಲುಗಳ ಮೇಲೆ ಸ್ಕ್ವಾಟ್ ಅಂದರೆ ಬಸ್ಕಿ ಹಾಕುವವರು, ರಸ್ತೆಯಲ್ಲಿ ಓಟದವರು, ನಾಯಿ ಕರೆದುಕೊಂಡು ಬಂದವರು, ಯಾವುದಕ್ಕೂ ಸೇರದೆ ಎಲ್ಲವನ್ನೂ ನೋಡುತ್ತ ಕೂತವರು. ಆ ಕೊನೆಯ ಜಾತಿಯವರೇ ಮುಂದಿನ ತಿಂಗಳು ಯಾವುದಾದರೂ ಗುಂಪಿನಲ್ಲಿ ಕೈ ಎತ್ತಿ ನಿಂತಿರುತ್ತಾರೆ. ಒಂದು ಗುಂಪನ್ನು ನೋಡುತ್ತ ನಿಲ್ಲುವುದು ಸೇರುವುದರ ಮೊದಲ ಹೆಜ್ಜೆ ಅಂತ ನನಗೆ ಅನ್ನಿಸಿದೆ.

ಈಗ ಕೇಳಿ. ಇಷ್ಟೊಂದು ಗುಂಪುಗಳಲ್ಲಿ ಯಾವುದು ಒಳ್ಳೆಯದು, ಯಾವುದಕ್ಕೆ ಸೇರಬೇಕು? ನನ್ನ ಹತ್ತಿರ ಒಂದೇ ಪರೀಕ್ಷೆ ಇದೆ. ಮುಂದೆ ಓಡುವವರನ್ನು ನೋಡಬೇಡಿ. ಅವರು ಎಲ್ಲ ಕಡೆಯೂ ಚೆನ್ನಾಗಿಯೇ ಓಡುತ್ತಾರೆ, ಅವರಿಗೆ ಗುಂಪು ಇಲ್ಲದಿದ್ದರೂ ನಡೆಯುತ್ತದೆ. ಎಲ್ಲರಿಗಿಂತ ಹಿಂದೆ ಯಾರಿದ್ದಾರೆ, ಅವರ ಜೊತೆ ಯಾರಾದರೂ ಇದ್ದಾರಾ ನೋಡಿ. ಕೊನೆಯವರು ಒಂಟಿಯಾಗಿ ಬಂದು ಮುಟ್ಟುವಾಗ ಉಳಿದವರೆಲ್ಲ ಕಾಫಿಗೆ ಹೋಗಿಯಾಗಿದ್ದರೆ ಆ ಗುಂಪಿಗೆ ಎಷ್ಟೇ ಒಳ್ಳೆಯ ಹೆಸರಿದ್ದರೂ ನಿಮಗೆ ಬೇಡ.

ಇದು ಬರೀ ಒಳ್ಳೆಯತನದ ಮಾತಲ್ಲ. ಹೊಸಬರು ಬಿಟ್ಟುಹೋಗುವುದು ಕಾಲು ನೋವಿನಿಂದ ಕಡಿಮೆ, ನಾಚಿಕೆಯಿಂದ ಜಾಸ್ತಿ. ಎಲ್ಲರೂ ತನಗಾಗಿ ಕಾಯುತ್ತಿದ್ದಾರೆ ಅನ್ನುವುದೂ ನಾಚಿಕೆ, ಯಾರೂ ಕಾಯಲಿಲ್ಲ ಅನ್ನುವುದೂ ನಾಚಿಕೆ. ಎರಡರಿಂದಲೂ ಪಾರು ಮಾಡುವ ಉಪಾಯ ಬೇಕು. ಗುಂಪು ನಡೆಸಿ ಪಳಗಿದವರ ಹತ್ತಿರ ಅಂಥ ಉಪಾಯಗಳಿವೆ, ನನಗೆ ಅವು ಓಟಕ್ಕಿಂತ ಸೊಗಸು.

ಒಂದು ಹೀಗೆ. ಎಲ್ಲರೂ ಒಟ್ಟಿಗೆ ಹೊರಡುವುದು, ಅವರವರ ವೇಗದಲ್ಲಿ. ಹದಿನೈದು ನಿಮಿಷ ಆದ ಕೂಡಲೇ ಎಲ್ಲಿದ್ದೀರೋ ಅಲ್ಲೇ ತಿರುಗಿ ವಾಪಸ್. ಯೋಚಿಸಿ ನೋಡಿ. ಜೋರಾಗಿ ಓಡಿದವರು ದೂರ ಹೋಗಿರುತ್ತಾರೆ, ಅವರಿಗೆ ವಾಪಸ್ ಬರಲು ಅಷ್ಟೇ ದೂರ. ನಿಧಾನದವರು ಹತ್ತಿರವೇ ಇರುತ್ತಾರೆ. ಹೋದ ವೇಗದಲ್ಲೇ ಬಂದರೆ ಎಲ್ಲರೂ ಒಂದೇ ಹೊತ್ತಿಗೆ ಹೊರಟ ಜಾಗಕ್ಕೆ ಬರುತ್ತಾರೆ. ಯಾರೂ ಮೊದಲಲ್ಲ, ಯಾರೂ ಕೊನೆಯಲ್ಲ. ತಿರುಗಿದ ಮೇಲಂತೂ ಸ್ವಲ್ಪ ಹೊತ್ತು ನಿಧಾನದವರೇ ಎಲ್ಲರಿಗಿಂತ ಮುಂದೆ! ಶಾಲೆಯ ಓಟದಲ್ಲಿ ಯಾವತ್ತೂ ಮುಂದೆ ಬಾರದವರ ಮುಖ ಆವಾಗ ನೋಡಬೇಕು.

ವ್ಯಾಯಾಮದಲ್ಲೂ ಇದೇ. "ಇಪ್ಪತ್ತು ಸ್ಕ್ವಾಟ್ ಹಾಕಿ" ಅಂದರೆ ಒಬ್ಬರು ಬೇಗ ಮುಗಿಸಿ ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಾರೆ, ಇನ್ನೊಬ್ಬರು ಹದಿಮೂರನೆಯದರಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತಾರೆ. ಅದರ ಬದಲು "ನಲವತ್ತು ಸೆಕೆಂಡ್, ಆದಷ್ಟು ಹಾಕಿ, ಆಮೇಲೆ ಇಪ್ಪತ್ತು ಸೆಕೆಂಡ್ ಬಿಡುವು" ಅಂದರೆ ಎಲ್ಲರೂ ಒಟ್ಟಿಗೆ ಶುರು, ಒಟ್ಟಿಗೆ ನಿಲ್ಲಿಸುವುದು. ಎಣಿಸಿಕೊಂಡದ್ದು ಅವರವರಿಗೆ ಮಾತ್ರ ಗೊತ್ತು.

ಇದನ್ನು ತುಂಬ ಹಿಂದೆಯೇ ಯೋಚಿಸಿದವರಿದ್ದಾರೆ. 1938ರಲ್ಲಿ ಕೌಲಾಲಂಪುರದಲ್ಲಿ, ಅಂದರೆ ಆಗಿನ ಮಲಯಾದಲ್ಲಿ, ಕೆಲವು ಬ್ರಿಟಿಷರು ಒಂದು ಆಟ ಶುರು ಮಾಡಿದರು, ಹ್ಯಾಶ್ ಹೌಸ್ ಹ್ಯಾರಿಯರ್ಸ್ ಅಂತ. ಒಬ್ಬರು ಮುಂದೆ ಹೋಗಿ ಕಾಗದದ ಚೂರು ಬಿಸಾಡುತ್ತ ದಾರಿ ಗುರುತು ಮಾಡುವುದು, ಉಳಿದವರು ಅದನ್ನು ಹುಡುಕುತ್ತ ಓಡುವುದು. ಮಧ್ಯೆ ಮಧ್ಯೆ ಬೇಕೆಂದೇ ಸುಳ್ಳು ದಾರಿ ಹಾಕಿರುತ್ತಾರೆ. ಜೋರಾಗಿ ಓಡುವವರು ಸುಳ್ಳು ದಾರಿಯಲ್ಲಿ ನುಗ್ಗಿ, ಮೋಸ ಹೋಗಿ, ವಾಪಸ್ ಬರುವಷ್ಟರಲ್ಲಿ ಹಿಂದಿನವರು ಬಂದು ಸೇರಿಯಾಗುತ್ತದೆ. ಓಟ ಮುಗಿದ ಮೇಲೆ ಅವರಿಗೆ ಬಿಯರು, ನಮಗೆ ಇಡ್ಲಿ ವಡೆ. ಅಷ್ಟೇ ವ್ಯತ್ಯಾಸ.

ಇನ್ನೊಂದು ಇಂಗ್ಲೆಂಡಿನದ್ದು. 2004ರ ಅಕ್ಟೋಬರ್ 2ರಂದು, ನಮ್ಮ ಗಾಂಧಿ ಜಯಂತಿಯ ದಿನ, ಲಂಡನ್ನಿನ ಬುಶಿ ಪಾರ್ಕ್‌ನಲ್ಲಿ ಪಾಲ್ ಸಿಂಟನ್ ಹೆವಿಟ್ ಅನ್ನುವವರು ಐದು ಕಿಲೋಮೀಟರ್ ಓಟ ಇಟ್ಟರು. ಓಡಿದವರು 13 ಜನ. ಅದೇ ಈಗ ಪಾರ್ಕ್‌ರನ್ ಅಂತ ಎಷ್ಟೋ ದೇಶಗಳಲ್ಲಿ ನಡೆಯುತ್ತದೆ, ವಾರ ವಾರ, ಪುಕ್ಕಟೆ. ಅವರಲ್ಲಿ ಒಂದು ಕೆಲಸ ಇದೆ, 'ಟೇಲ್ ವಾಕರ್'. ಸ್ವಯಂಸೇವಕರಲ್ಲಿ ಒಬ್ಬರು ಎಲ್ಲರಿಗಿಂತ ಹಿಂದೆ ನಡೆಯಬೇಕು. ಎಷ್ಟೇ ನಿಧಾನ ಆದರೂ ಅವರ ಹಿಂದೆ ಯಾರೂ ಇರುವ ಹಾಗಿಲ್ಲ. ಅಂದರೆ ಕೊನೆಯ ಸ್ಥಾನ ಮೊದಲೇ ಭರ್ತಿಯಾಗಿದೆ, ನೀವು ಬಯಸಿದರೂ ಅದು ನಿಮಗೆ ಸಿಗುವುದಿಲ್ಲ! ಎಂಥ ತಲೆ ಓಡಿಸಿದ್ದಾರೆ ನೋಡಿ.

ಒಟ್ಟಿಗೆ ಮಾಡಿದರೆ ಹಗುರ ಅನ್ನಿಸುವುದು ಬರೀ ಭ್ರಮೆಯಾ? ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರಾಬಿನ್ ಡನ್‌ಬಾರ್ ಮತ್ತು ಅವರ ಜೊತೆಯವರು ದೋಣಿ ಓಟದ ಹುಡುಗರ ಮೇಲೆ ಇದನ್ನು ಪರೀಕ್ಷೆ ಮಾಡಿದ್ದರು. ವ್ಯಾಯಾಮದ ಯಂತ್ರದಲ್ಲಿ ಹುಟ್ಟು ಹಾಕಬೇಕು, ಒಮ್ಮೆ ಒಬ್ಬೊಬ್ಬರೇ, ಒಮ್ಮೆ ಎಲ್ಲರೂ ಒಂದೇ ಲಯದಲ್ಲಿ. ಆಮೇಲೆ ತೋಳಿಗೆ ಬಿಪಿ ನೋಡುವ ಪಟ್ಟಿ ಕಟ್ಟಿ ಗಾಳಿ ತುಂಬಿಸುತ್ತ, ಎಷ್ಟು ಒತ್ತಡದವರೆಗೆ ನೋವು ತಡೆಯುತ್ತಾರೆ ಅಂತ ನೋಡಿದರು. ಹಾಕಿದ ಶ್ರಮ ಅಷ್ಟೇ. ಆದರೂ ಒಟ್ಟಿಗೆ ಹುಟ್ಟು ಹಾಕಿದ ದಿನ ನೋವು ತಡೆಯುವ ಶಕ್ತಿ ಜಾಸ್ತಿ ಇತ್ತು. ನೋವು ಕಡಿಮೆ ಮಾಡುವ, ಮೈಯೊಳಗೇ ಹುಟ್ಟುವ ಎಂಡಾರ್ಫಿನ್ ಇದಕ್ಕೆ ಕಾರಣ ಇರಬೇಕು ಅನ್ನುವುದು ಅವರ ಅಂದಾಜು. ನೀಲೇಶ್ವರದ ಕಡೆ ತೇಜಸ್ವಿನಿ ಹೊಳೆಯಲ್ಲಿ ದೋಣಿ ಓಟ ನೋಡಿದವರಿಗೆ, ಸಾಲು ಹಿಡಿದು ಹಾಡು ಹೇಳುತ್ತ ನಾಟಿ ಮಾಡಿದವರಿಗೆ ಇದನ್ನು ಯಂತ್ರ ಇಟ್ಟು ತೋರಿಸಬೇಕಾಗಿಲ್ಲ. ಮುಂದಿನ ಸಾಲಿನಲ್ಲಿ ಕೂತ ಅಜ್ಜಿಯಂದಿರು ಈಗಲೇ ತಲೆ ಅಲ್ಲಾಡಿಸುತ್ತಿದ್ದಾರೆ.

ಗುಂಪಿನಲ್ಲಿ ನಗುವುದನ್ನೂ ವ್ಯಾಯಾಮ ಮಾಡಿದ್ದು ನಮ್ಮ ದೇಶದವರೇ. ಮುಂಬೈಯಲ್ಲಿ 1995ರಲ್ಲಿ ಮದನ್ ಕಟಾರಿಯಾ ಅನ್ನುವ ವೈದ್ಯರು ಪಾರ್ಕಿನಲ್ಲಿ ಐದು ಜನ ಸೇರಿಸಿಕೊಂಡು ನಗೆಕೂಟ ಶುರು ಮಾಡಿದರು. ಮೊದಮೊದಲು ಜೋಕ್ ಹೇಳಿ ನಗುತ್ತಿದ್ದರಂತೆ. ಸ್ವಲ್ಪ ದಿನಕ್ಕೆ ಒಳ್ಳೆಯ ಜೋಕ್‌ಗಳೆಲ್ಲ ಖಾಲಿ. ಆಮೇಲೆ ಜೋಕ್ ಇಲ್ಲದೆಯೇ ನಗುವ ವ್ಯಾಯಾಮ ಕಂಡುಹಿಡಿದರು. ಲಾಲ್‌ಬಾಗಿನಲ್ಲಿ ಬೆಳಗ್ಗೆ ಕೈ ಮೇಲೆತ್ತಿ ಹಹ್ಹಹ್ಹಾ ಅನ್ನುವವರನ್ನು ನೋಡಿ ನಾನೂ ನಕ್ಕಿದ್ದೇನೆ. ಅವರಿಗೆ ಬೇಕಾದದ್ದೂ ಅದೇ.

ನಗರದ ಈ ಓಟದಲ್ಲಿ ನನಗೆ ಇಷ್ಟವಾಗದ್ದೂ ಇದೆ. ಓಟ ಮುಗಿದ ಮೇಲೆ ರಸ್ತೆ ತುಂಬ ಅರ್ಧ ಕುಡಿದು ಬಿಸಾಡಿದ ನೀರಿನ ಬಾಟ್ಲಿ. ಪ್ರತಿ ಓಟಕ್ಕೂ ಒಂದು ಪಾಲಿಯೆಸ್ಟರ್ ಟೀ ಶರ್ಟ್, ಕಪಾಟು ತುಂಬಿದ ಮೇಲೆ ಅದು ನೆಲ ಒರೆಸುವುದಕ್ಕೂ ಆಗುವುದಿಲ್ಲ, ನೀರು ಹೀರುವುದಿಲ್ಲ. ಮತ್ತೆ ಕೈಗೆ ಕಟ್ಟಿದ ವಾಚು. ಎದುರಿಗೆ ಟಬೆಬುಯ ಮರ ಪೂರ್ತಿ ಗುಲಾಬಿ ಬಣ್ಣಕ್ಕೆ ಹೂ ಬಿಟ್ಟು ನಿಂತಿರುತ್ತದೆ, ಇವರು ವಾಚು ನೋಡುತ್ತ ಓಡುತ್ತಾರೆ. ಹೃದಯ ಬಡಿತ ತಿಳಿಯಲು ವಾಚು ಇರಲಿ, ಬೇಡ ಅನ್ನುವುದಿಲ್ಲ. ಆದರೆ ಹೊಸಬರಿಗೆ ಅದಕ್ಕಿಂತ ಸುಲಭದ ಅಳತೆ ಬಾಯಿಯಲ್ಲೇ ಇದೆ. ಓಡುತ್ತ ಪಕ್ಕದವರ ಹತ್ತಿರ ಒಂದು ಪೂರ್ತಿ ವಾಕ್ಯ ಹೇಳಲು ಆಗುತ್ತಾ? ಆದರೆ ವೇಗ ಸರಿ ಇದೆ. ಒಂದೊಂದೇ ಶಬ್ದಕ್ಕೆ ಉಸಿರು ನಿಲ್ಲಿಸಬೇಕಾಗುತ್ತಾ? ಜಾಸ್ತಿಯಾಯಿತು, ನಡೆಯಿರಿ. ಈ ಪರೀಕ್ಷೆ ಮಾಡಲು ಪಕ್ಕದಲ್ಲಿ ಒಬ್ಬರು ಬೇಕಲ್ಲ. ಒಂಟಿಯಾಗಿ ಓಡುತ್ತ ಗಟ್ಟಿಯಾಗಿ ಮಾತಾಡಿದರೆ ಬೈಕ್ ನಿಲ್ಲಿಸಿ "ಏನಾಯ್ತು" ಅನ್ನುವವರು ಜಾಸ್ತಿಯಾಗುತ್ತಾರೆ.

ನಡೆಯಿರಿ ಅಂದೆ. ಓಟದ ಮಧ್ಯೆ ನಡೆದರೆ ಅವಮಾನ ಅಂತ ನಮ್ಮಲ್ಲಿ ಒಂದು ಯೋಚನೆ ಇದೆ, ಶಾಲೆಯಲ್ಲಿ ಕಲಿತದ್ದು ಇರಬೇಕು. ಅಮೆರಿಕದ ಜೆಫ್ ಗ್ಯಾಲೊವೇ 1972ರ ಒಲಿಂಪಿಕ್ಸ್‌ನಲ್ಲಿ ಓಡಿದವರು. ಅಂಥವರೇ ಸ್ವಲ್ಪ ಓಡಿ, ಸ್ವಲ್ಪ ನಡೆದು, ಮತ್ತೆ ಓಡಿ ಅಂತ ಸಾವಿರಾರು ಜನರಿಗೆ ಕಲಿಸಿದರು. ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಹಾಗೆ ಇಪ್ಪತ್ತು ನಿಮಿಷ. ಹೊಸಬರಿಗೆ ಇಷ್ಟರಿಂದ ಶುರು ಮಾಡಿಸುತ್ತಾರೆ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಮೂಳೆ, ಸ್ನಾಯುರಜ್ಜು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಉಸಿರು ಸರಿ ಇದೆ ಅಂತ ಒಮ್ಮೆಲೇ ದೂರ ಹೆಚ್ಚಿಸಿದವರು ಮೊಣಕಾಲಿನ ಕೆಳಗೆ, ಮುಂಗಾಲ ಎಲುಬಿನ ಹತ್ತಿರ ನೋವು ಅಂತ ಬರುತ್ತಾರೆ. ಅದಕ್ಕೆ ಮದ್ದು ವಿಶ್ರಾಂತಿಯೇ.

ಇನ್ನು ನಮ್ಮ ಊರಿಗೆ ಬರೋಣ. ಇದೆಲ್ಲ ಪೇಟೆಯವರ ಶೋಕಿ, ನಮಗೆ ಯಾಕೆ ಅಂತ ಕೇಳುವವರಿಗೆ ಒಂದು ಮಾತು. ನಮ್ಮದೇ ಕೇರಳದ ಮಲಪ್ಪುರಂ ಜಿಲ್ಲೆಯ ಕೊಂಡೋಟಿಯಲ್ಲಿ ಶುರುವಾದ ಮೆಕ್ ಸೆವೆನ್ ಅನ್ನುವ ವ್ಯಾಯಾಮದ ಕೂಟ ಮಲಬಾರಿನ ಉದ್ದಗಲ ಹರಡಿದೆ. ಬೆಳಗ್ಗೆ ಮೈದಾನದಲ್ಲಿ ಸಾಲಾಗಿ ನಿಂತು 21 ವ್ಯಾಯಾಮ, ಹೆಚ್ಚೆಂದರೆ ಅರ್ಧ ಗಂಟೆ. ಫೀಸ್ ಇಲ್ಲ, ವಯಸ್ಸಾದವರೂ ಮಾಡಬಹುದು. ಹಾಗಾಗಿ ಇದು ಬೆಂಗಳೂರಿನಿಂದಲೇ ಬರಬೇಕಾದ ವಿದ್ಯೆಯಲ್ಲ. ನಮ್ಮಲ್ಲಿ ಕಬಡ್ಡಿ, ವಾಲಿಬಾಲಿನ ಕ್ಲಬ್ಬುಗಳು ಬೇಕಾದಷ್ಟಿವೆ. ತೊಂದರೆ ಏನೆಂದರೆ ಅವು ಇಪ್ಪತ್ತೈದರ ಹುಡುಗರಿಗೆ. ಆಟದಿಂದ ಹೊರಗೆ ಬಂದವರು ಆಮೇಲೆ ಅಧ್ಯಕ್ಷರಾಗುತ್ತಾರೆ, ಹೊಟ್ಟೆ ಬರುತ್ತದೆ. (ಇಲ್ಲಿ ಒಬ್ಬರು ಅಧ್ಯಕ್ಷರು ಎದ್ದು ಹೊರಗೆ ಹೋದರು, ಫೋನ್ ಬಂದಿತ್ತಂತೆ.)

ಹೆಂಗಸರ ವಿಷಯದಲ್ಲಿ ನಾವು ಬೆಂಗಳೂರಿಗಿಂತ ಮುಂದೆ ಇದ್ದೇವೆ ಅಂತಲೇ ನನ್ನ ಅಭಿಪ್ರಾಯ. ಅಲ್ಲಿ ಅಪಾರ್ಟ್‌ಮೆಂಟಿನ ಹೆಂಗಸರನ್ನು ಒಟ್ಟು ಸೇರಿಸಲು ಗುಂಪು ಕಟ್ಟುವುದೇ ದೊಡ್ಡ ಕೆಲಸ. ಇಲ್ಲಿ ಕೇರಳದಲ್ಲಿ 1998ರಿಂದ ಕುಟುಂಬಶ್ರೀ ಇದೆ, ಹೆಂಗಸರ ನೆರೆಕರೆ ಗುಂಪುಗಳು. ಯಾರ ಮನೆ ಯಾವುದು, ಯಾರಿಗೆ ಶುಗರ್, ಯಾರ ಮೊಣಕಾಲು ಸರಿ ಇಲ್ಲ ಎಲ್ಲ ಗೊತ್ತು. ವಾರದ ಸಭೆಗೆ ಹೇಗೂ ಸೇರುತ್ತೀರಿ. ಲೆಕ್ಕ ಬರೆಯುವ ಮೊದಲು ಅರ್ಧ ಗಂಟೆ ಶಾಲೆಯ ಮೈದಾನದಲ್ಲಿ ಸುತ್ತು ಹಾಕಬಹುದಲ್ಲ? ನೈಟಿಯ ಮೇಲೆ ಶಾಲು ಹಾಕಿಕೊಂಡು ನಡೆದರೂ ಆದೀತು. ಬಟ್ಟೆ ನೋಡುವವರು ಒಬ್ಬರು ನಡೆದರೆ ನೋಡುತ್ತಾರೆ, ಹದಿನೈದು ಜನ ನಡೆದರೆ ದಾರಿ ಬಿಡುತ್ತಾರೆ. ಬೆಂಗಳೂರಿನ ಕತ್ತಲೆಯ ರಸ್ತೆಯಲ್ಲಿ ನಾವು ಹೆಂಗಸರು ಐದೂವರೆಗೆ ಓಡುವ ಧೈರ್ಯ ಮಾಡುವುದೂ ಗುಂಪಿನ ಬಲದಿಂದಲೇ.

ಒಂದು ಎಚ್ಚರಿಕೆ ಮಾತ್ರ ಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಬೆಳಗ್ಗೆ ತಂಪು. ನಮ್ಮದು ಕರಾವಳಿ. ಇಲ್ಲಿ ಬಿಸಿಲಿಗಿಂತ ಕಷ್ಟ ಕೊಡುವುದು ಗಾಳಿಯಲ್ಲಿರುವ ತೇವ. ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ. ಇಲ್ಲಿ ಬೆವರು ಆರುವುದಿಲ್ಲ, ಸುರಿಯುತ್ತದೆ. ಸುರಿದ ಬೆವರಿನಿಂದ ನೀರು, ಉಪ್ಪು ಹೋಗುತ್ತದೆಯೇ ಹೊರತು ಮೈ ತಂಪಾಗುವುದಿಲ್ಲ. ಹಾಗಾಗಿ ರಜೆಗೆ ಬಂದ ಮಕ್ಕಳು ಬೆಂಗಳೂರಿನ ವೇಗದಲ್ಲಿ ಕುಂಬಳೆಯ ರಸ್ತೆಯಲ್ಲಿ ಓಡಲು ಹೊರಟರೆ ತಡೆಯಿರಿ. ಬಂದ ಮೇಲೆ ಉಪ್ಪು ಹಾಕಿದ ಗಂಜಿ ತಿಳಿ ಕೊಡಿ. ಬಾಟ್ಲಿಯಲ್ಲಿ ಸಿಗುವ ಬಣ್ಣದ ನೀರಿಗೆ ಅದೇನೂ ಕಡಿಮೆಯಲ್ಲ.

ಇಷ್ಟು ನನ್ನ ಮಾತು. ಆಮೇಲೆ ಪ್ರಶ್ನೆಗಳು ಬಂದವು.

ಮೊದಲು ಕೇಳಿದ್ದು ತೋಟದ ಹಿರಿಯರೊಬ್ಬರು. "ನಾವು ಬೆಳಗ್ಗಿಂದ ಸಂಜೆವರೆಗೆ ಗುಡ್ಡೆ ಹತ್ತಿ ಇಳಿಯುತ್ತೇವೆ ಮಗಾ. ನಮಗೂ ಇದು ಬೇಕಾ?"

ಬೇಡ ಮಾವ, ನಿಜವಾಗಿ ಹತ್ತಿ ಇಳಿಯುತ್ತಿದ್ದರೆ ಬೇಡ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸ್ವಲ್ಪ ಉಸಿರು ಏರುವ ಹಾಗಿನ ಚಟುವಟಿಕೆ ಬೇಕು ಅನ್ನುತ್ತದೆ. ಅದು ಓಟವೇ ಆಗಬೇಕೆಂದಿಲ್ಲ, ಮಣ್ಣು ಹೊರುವುದೂ ಆಗುತ್ತದೆ. ಆದರೆ ನೀರು ಬಿಡಲು ಈಗ ಪಂಪಿನ ಸ್ವಿಚ್ಚು, ಮದ್ದು ಬಿಡಲು ಆಳು, ತೋಟಕ್ಕೆ ಹೋಗಲು ಜೀಪು. ತೋಟ ಇದೆ ಅನ್ನುವುದು ಬೇರೆ, ತೋಟದಲ್ಲಿ ದುಡಿಯುವುದು ಬೇರೆ. ನಿಮ್ಮ ಬಗ್ಗೆ ಹೇಳಿದ್ದಲ್ಲ, ಹಿಂದೆ ಕೂತು ನಗುತ್ತಿರುವವರ ಬಗ್ಗೆ.

ಕಾಲೇಜಿನ ಹುಡುಗಿಯೊಬ್ಬಳು ನಾಯಿಗಳ ಬಗ್ಗೆ ಕೇಳಿದಳು. ಒಳ್ಳೆಯ ಪ್ರಶ್ನೆ, ಬೆಂಗಳೂರಿನಲ್ಲೂ ಇದಕ್ಕೆ ಪರಿಹಾರ ಸಿಕ್ಕಿಲ್ಲ. ಓಡಬೇಡಿ, ಓಡುವುದನ್ನು ಕಂಡರೆ ನಾಯಿ ಅಟ್ಟಿಸಿಕೊಂಡು ಬರುತ್ತದೆ. ನಿಲ್ಲಿ, ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ನಿಧಾನ ನಡೆದು ದಾಟಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹದಿನೈದು ನಿಮಿಷ ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ನಾಳೆ ನೋಡೋಣ ಅನ್ನಬೇಡಿ. ಅರಸಿನ ಮೆತ್ತಿ ಕೂರಬೇಡಿ.

ಶೂ ಎಷ್ಟು ದುಡ್ಡಿನದ್ದು ಬೇಕು ಅಂತ ಒಬ್ಬರು. ಬೆರಳಿನ ಮುಂದೆ ಸ್ವಲ್ಪ ಜಾಗ ಇರಬೇಕು, ಹಿಮ್ಮಡಿ ಜಾರಬಾರದು, ಸಂಜೆ ಹೊತ್ತು ಅಂಗಡಿಗೆ ಹೋಗಿ ಹಾಕಿ ನೋಡಬೇಕು, ಆಗ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಇಷ್ಟಕ್ಕೆ ಸರಿಯಾಗುವ ಯಾವ ಶೂ ಆದರೂ ಶುರುವಿಗೆ ಸಾಕು.

ಕೊನೆಗೆ ಮಾಸ್ಟ್ರೇ ಕೇಳಿದರು. "ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮೈದಾನದಲ್ಲಿ ಪಾಚಿ. ನಾಲ್ಕು ತಿಂಗಳು ಬಿಟ್ಟರೆ ಗುಂಪು ಉಳಿಯುತ್ತದಾ?"

ಬಿಟ್ಟರೆ ಉಳಿಯುವುದಿಲ್ಲ ಮಾಸ್ಟ್ರೇ. ನಲವತ್ತು ಸೆಕೆಂಡಿನ ಆಟ ಆಡಲು ಮೈದಾನ ಬೇಡ, ಒಬ್ಬರಿಗೆ ಒಂದು ಚಾಪೆಯಷ್ಟು ಜಾಗ ಸಾಕು. ಇದೇ ಹಾಲಿನಲ್ಲಿ ಕುರ್ಚಿ ಬದಿಗೆ ಸರಿಸಿದರೆ ಇಪ್ಪತ್ತು ಜನ ನಿಲ್ಲಬಹುದು. ನಿಂತಲ್ಲೇ ಹೆಜ್ಜೆ, ಕುರ್ಚಿ ಹಿಡಿದು ಸ್ಕ್ವಾಟ್, ಗೋಡೆಗೆ ಕೈ ಕೊಟ್ಟು ದಂಡ, ಮೊಣಕಾಲು ಎತ್ತುವುದು, ಕೊನೆಗೆ ಸೂರ್ಯನಮಸ್ಕಾರ. ಮೊಣಕಾಲು ನೋವಿರುವವರು ಕುರ್ಚಿಯಲ್ಲಿ ಕೂತೇ ಮಾಡಲಿ. ಬೆಳಗ್ಗೆ ಆರಕ್ಕೆ ಬೀಗ ತೆಗೆಯುವವರು ಯಾರು ಅನ್ನುವುದೊಂದು ತೀರ್ಮಾನವಾಗಬೇಕು. ಕೀಲಿ ಇಬ್ಬರ ಹತ್ತಿರ ಇರಲಿ, ಒಬ್ಬರಿಗೆ ಜ್ವರ ಬಂದರೆ ಉಳಿದವರು ಮಳೆಯಲ್ಲಿ ಹೊರಗೆ ನಿಲ್ಲುವುದು ಬೇಡ.